ಇಲಿ ತಿಂದ ಬನ್ನು

"ಇನ್ನೊಂದು ಸುತ್ತು ಬಿಗಿ," ಎಂದ ಹಾಲೇಶ್.

ಉಮೇಶ್ ಪಂಚೆಯ ಅಂಚಿನಿಂದ ಹರಿದ ಪಟ್ಟಿಯನ್ನು ಬಸವರಾಜಪ್ಪನ ಗದ್ದದಡಿಯಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದ. ಆದರೂ ಗೋಡೆಗೆ ಒರಗಿಸಿ ಕೂರಿಸಿದ್ದ ದೇಹದ ತಲೆ ನಿಲ್ಲಲಿಲ್ಲ. ಮೆಲ್ಲಗೆ ಎಡಕ್ಕೆ ವಾಲಿತು. ಹಾಲೇಶ್ ಎರಡೂ ಅಂಗೈಯಲ್ಲಿ ಅಣ್ಣನ ಕೆನ್ನೆ ಹಿಡಿದು ನೇರ ಮಾಡಿದ. ಹಾಗೆ ಹಿಡಿದ ಮೇಲೆ ಮುಖ ನೋಡದೆ ಇರಲಾಗಲಿಲ್ಲ. ಹದಿನಾಲ್ಕು ತಿಂಗಳಿಂದ ಅವನು ಈ ಮುಖವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಹಣೆಗೆ ಬಳಿದ ವಿಭೂತಿ ಹುಬ್ಬಿನ ಮೇಲೆ ಉದುರಿತ್ತು. ನಲವತ್ತು ವರ್ಷ ಬೇಕರಿಯ ಭಟ್ಟಿಯ ಬಾಯಿಗೆ ಮುಖ ಕೊಟ್ಟು ನಿಂತವನಿಗೆ ಹುಬ್ಬು ಅಂತ ಒಂದು ಸರಿಯಾಗಿ ಇದ್ದದ್ದೇ ಇಲ್ಲ; ಬೆಳೆದಷ್ಟೂ ಕಾವಿಗೆ ಕರಕಾಗಿ ಉದುರುತ್ತಿತ್ತು. ಈಗ ಎರಡೂ ಹುಬ್ಬು ಒತ್ತಾಗಿ ಬೆಳೆದು, ಬೆಳ್ಳಗಾಗಿ, ಯಾರೋ ಬೇರೆಯವರ ಮುಖದ ಹಾಗೆ ಕಾಣುತ್ತಿತ್ತು.

"ಗೋಡೆಗೊಂದು ಮೊಳೆ ಹೊಡೆದು ಕಟ್ಟಿದ್ರೆ ನಿಲ್ಲುತ್ತೆ ಹಾಲೇಶಣ್ಣ," ಎಂದ ಉಮೇಶ್. ಹದಿನೆಂಟು ವರ್ಷ ಬಸವರಾಜಪ್ಪನ ಪಕ್ಕದಲ್ಲೇ ಹಿಟ್ಟು ನಾದಿದವನು. ಬೆಳಗಿನಿಂದ ಅವನು ಹಾಲೇಶನ ಮುಖ ನೋಡಿ ಮಾತಾಡಿರಲಿಲ್ಲ.

"ಹೊಡಿ," ಎಂದು ಹಾಲೇಶ್ ಕೈ ಬಿಟ್ಟ.

ಅಂಗಳದಲ್ಲಿ ಬಾಡಿಗೆ ಕುರ್ಚಿಗಳು ತುಂಬಿದ್ದವು. ಕಾಫಿ ಕುಯ್ಲಿನ ದಿನಗಳು. ಆಳುಗಳನ್ನು ಬಿಟ್ಟು ಬರುವುದು ಕಷ್ಟ. ಆದರೂ ಮಲ್ಲಂದೂರು ಕಡೆಯ ಬೆಳೆಗಾರರು ಬಂದಿದ್ದರು, ಚಿಕ್ಕಮಗಳೂರು ಪೇಟೆಯ ಅಂಗಡಿಯವರು ಬಂದಿದ್ದರು. ಬಸವರಾಜಪ್ಪ ಬೇಯಿಸಿದ ಬನ್ನು, ರಸ್ಕು, ಬೆಣ್ಣೆ ಬಿಸ್ಕತ್ತು ತಿನ್ನದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಆದರೆ ಅವರು ಮಾತಾಡಿಸುತ್ತಿದ್ದದ್ದು ಯಾವಾಗಲೂ ಹಾಲೇಶನನ್ನೇ. ಅಣ್ಣ ಒಳಗೆ ಭಟ್ಟಿಯಲ್ಲಿ, ತಮ್ಮ ಹೊರಗೆ ಕೌಂಟರಿನಲ್ಲಿ. ಬೇಕರಿ ಶುರುವಾದ ದಿನದಿಂದ ನಡೆದುಬಂದದ್ದು ಹಾಗೆ.

"ಹೇಗಾಯ್ತು ಮಾರಾಯ?" ಎಂದು ಮಲ್ಲಂದೂರಿನ ಚನ್ನಕೇಶವ ಹಾಲೇಶನ ಹೆಗಲ ಮೇಲೆ ಕೈಯಿಟ್ಟ. ದೊಡ್ಡ ಬೆಳೆಗಾರ, ಹಳೆಯ ಗಿರಾಕಿ.

"ನಾಲ್ಕು ಗಂಟೆಗೆ ಎದ್ದಿದಾನೆ. ಭಟ್ಟಿಗೆ ಹೋಗೋ ಹೊತ್ತು ಅದು, ಅಭ್ಯಾಸ. ಮಂಚದ ಮೇಲೆ ಎದ್ದು ಕೂತವ ಹಾಗೇ..."

"ಕೊನೆಗೆ ನಿಮ್ಮನ್ನೆಲ್ಲ ಗುರುತು ಹಿಡೀತಿದ್ರಾ?"

"ಹೂಂ. ಹಿಡೀತಿದ್ದ."

"ಪುಣ್ಯ. ತಲೆ ಹೋದ್ಮೇಲೆ ಎಷ್ಟೋ ಜನ ಹೆಂಡ್ತೀನೇ ಗುರುತು ಹಿಡಿಯಲ್ಲ. ನೀನು ಮನೇಲಿಟ್ಕೊಂಡು ನೋಡ್ಕೊಂಡೆ. ಬೇರೆಯವ್ರಾಗಿದ್ರೆ ಎಲ್ಲಾದ್ರೂ ಸೇರಿಸಿ ಕೈ ತೊಳ್ಕೊಳ್ತಿದ್ರು. ನಿನ್ನಂಥ ತಮ್ಮ ಸಿಗೋಕೂ ಪಡ್ಕೊಂಡು ಬಂದಿರ್ಬೇಕು."

ಪಕ್ಕದ ಕುರ್ಚಿಯಲ್ಲಿದ್ದ ಔಷಧಿ ಅಂಗಡಿಯ ವಿಶ್ವನಾಥ್ ತಲೆದೂಗಿದ. "ನಂಗೆ ದಾರೀಲಿ ಸಿಕ್ತಿದ್ರು. ಅರ್ಥ ಆಗ್ಲಿ ಅಂತ ನಿಧಾನಕ್ಕೆ, ಜೋರಾಗಿ ಮಾತಾಡಿಸ್ತಿದ್ದೆ. ಊಟ ಆಯ್ತಾ ಅಂದ್ರೆ ಸುಮ್ನೆ ನಗೋರು, ಪಾಪ."

ಶವದ ಪಕ್ಕ ಕೂತಿದ್ದ ರುದ್ರಾಣಿ ತಲೆ ಎತ್ತಿ ಮೈದುನನ ಕಡೆ ನೋಡಿದಳು. ಅದು ಸಿಟ್ಟಿನ ನೋಟವಲ್ಲ. ಇವನು ಈಗ ಏನಾದರೂ ಹೇಳುತ್ತಾನೆ ಎಂದು ಕಾಯುವ ನೋಟ. ಹಾಲೇಶ್ ಎದ್ದು, ಆಗಲೇ ಸರಿಯಾಗಿ ಇಟ್ಟಿದ್ದ ಎರಡು ಕುರ್ಚಿಗಳನ್ನು ಎತ್ತಿ ಬೇರೆ ಕಡೆ ಇಡಲು ಹೋದ.

*

ಮೂರು ವರ್ಷದ ಹಿಂದೆ, ದೀಪಾವಳಿ ಕಳೆದ ವಾರ, ಅತ್ತಿಗುಂಡಿಯಲ್ಲಿ ಹೋಂಸ್ಟೇ ನಡೆಸುವ ತನುಜಾ ಒಬ್ಬ ವಿದೇಶಿ ಹೆಣ್ಣುಮಗಳನ್ನು ಬೇಕರಿಗೆ ಕರೆತಂದಿದ್ದಳು. ಹೆಸರು ಮರಿಸೋಲ್, ಮೆಕ್ಸಿಕೊ ದೇಶದ ಕಾಫಿ ಬೆಳೆಗಾರರ ಮಗಳು. ಇಲ್ಲಿಯವರು ಮರದ ನೆರಳಲ್ಲಿ ಕಾಫಿ ಬೆಳೆಯುವುದನ್ನು ನೋಡಲು ಬಂದು ಎರಡು ತಿಂಗಳಾಗಿತ್ತು. ಅವಳು ಕೌಂಟರಿನಲ್ಲಿದ್ದ ಯಾವುದನ್ನೂ ಕೇಳಲಿಲ್ಲ. ನೇರವಾಗಿ ಭಟ್ಟಿಯ ಕೋಣೆಯ ಬಾಗಿಲಿಗೆ ಹೋಗಿ ಹಳೆಯ ಪೇಪರಿನ ಅಂಚಿನಲ್ಲಿ ಒಂದು ಚಿತ್ರ ಬರೆದು ತೋರಿಸಿದಳು. ದುಂಡನೆಯ ಬನ್ನು, ಅದರ ಮೇಲೆ ಅಡ್ಡಕ್ಕೂ ಉದ್ದಕ್ಕೂ ಗಂಟುಗಂಟಾದ ಪಟ್ಟಿಗಳು, ನಡುವೆ ಒಂದು ಗುಂಡು.

"ಇದೆಂತದು ತನುಜಮ್ಮ?" ಎಂದು ಬಸವರಾಜಪ್ಪ ಕೇಳಿದ. ಮೊಣಕೈವರೆಗೂ ಹಿಟ್ಟಿನಲ್ಲಿದ್ದ.

"ಮೂಳೆಯಂತೆ ಬಸವರಾಜಣ್ಣ. ಮಧ್ಯದ್ದು ತಲೆಬುರುಡೆ. ಕೆಲವರು ಕಣ್ಣೀರ ಹನಿ ಅಂತಾನೂ ಅಂತಾರಂತೆ. ಸತ್ತೋರ ಹಬ್ಬಕ್ಕೆ ಮಾಡೋ ಬ್ರೆಡ್ಡು. ಇವರಜ್ಜಿ ಹೋದ ವರ್ಷ ತೀರ್ಕೊಂಡ್ರಂತೆ. ಈ ಸಲ ಊರಲ್ಲಿ ಇರೋಕಾಗ್ಲಿಲ್ಲ, ಇಲ್ಲೇ ಇಡ್ತೀನಿ ಅಂತಾರೆ."

ಹೊರಗಿನಿಂದ ಹಾಲೇಶ್ ನಕ್ಕ. "ನಮ್ ಬೇಕರೀಲಿ ಮೊಟ್ಟೇನೇ ಹಾಕಲ್ಲ, ಮೂಳೆ ಮಾಡಿ ಅಂತಾರಲ್ಲ!"

ಬಸವರಾಜಪ್ಪ ನಗಲಿಲ್ಲ. ಮೈದಾಕ್ಕೆ ಎಷ್ಟು ಬೆಣ್ಣೆ, ಎಷ್ಟು ಹೊತ್ತು ಹುದುಗಬೇಕು, ಪರಿಮಳಕ್ಕೆ ಏನು ಎಂದೆಲ್ಲ ವಿಚಾರಿಸಿದ. ಕಿತ್ತಳೆ ಸಿಪ್ಪೆ, ಸೋಂಪು ಎಂದಾಗ ಅವನ ಕಣ್ಣು ಅರಳಿತು. ಮೊಟ್ಟೆಯ ಬದಲು ಗಟ್ಟಿ ಮೊಸರು ಹಾಕುತ್ತೇನೆ, ನಡೆಯುತ್ತದೋ ಕೇಳಿ ಎಂದ. ಮರಿಸೋಲ್ ನಕ್ಕು ತಲೆಯಾಡಿಸಿದಳು. ಆಮೇಲೆ ಅವಳು ಹೇಳಿದ್ದನ್ನು ತನುಜಾ ಒಂದೊಂದಾಗಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಾ ಹೋದಳು. ನವೆಂಬರಿನ ಮೊದಲಲ್ಲಿ ಸತ್ತವರು ಮನೆಗೆ ಬರುತ್ತಾರೆ. ಅವರ ಫೋಟೊ ಇಟ್ಟು, ಚೆಂಡು ಹೂವು ಹಾಕಿ, ದೀಪ ಹಚ್ಚಿ, ನೀರು, ಉಪ್ಪು, ಅವರಿಗೆ ಇಷ್ಟವಾದದ್ದು, ಜೊತೆಗೆ ಈ ಬ್ರೆಡ್ಡು ಇಡುತ್ತಾರೆ. ಬಂದವರು ಪರಿಮಳ ತೆಗೆದುಕೊಂಡು ಹೋಗುತ್ತಾರೆ. ಉಳಿದದ್ದನ್ನು ಮನೆಯವರು ಹಂಚಿಕೊಂಡು ತಿನ್ನುತ್ತಾರೆ. ಅಳುವ ಹಬ್ಬವಲ್ಲ ಅದು.

"ನಮ್ಮ ಹಿರಿಯರ ಹಬ್ಬದ ಹಾಗೇ ಆಯ್ತು," ಎಂದ ಬಸವರಾಜಪ್ಪ. "ಒಂದೇ ದಿನವಾ?"

"ಎರಡು ದಿನ. ಎರಡನೇ ತಾರೀಕು ದೊಡ್ಡವರದು. ಒಂದನೇ ತಾರೀಕು ಮಕ್ಕಳದು."

ಹಿಟ್ಟಿನಲ್ಲಿ ಅವನ ಕೈ ನಿಂತಿತು. "ಮಕ್ಕಳದು ಅಂದ್ರೆ?"

"ಚಿಕ್ಕೋರಿದ್ದಾಗಲೇ ಹೋದೋರು. ಮಕ್ಕಳು ಓಡಿ ಬರ್ತಾರೆ, ಅದಕ್ಕೇ ಒಂದು ದಿನ ಮುಂಚೆ ಅಂತ ಇವರಜ್ಜಿ ಹೇಳ್ತಿದ್ರಂತೆ."

"ಎಷ್ಟು ಚಿಕ್ಕೋರು?"

"ಎಷ್ಟೇ ಚಿಕ್ಕೋರಾದ್ರೂ."

"ಹೆಸರಿಡೋಕೆ ಮುಂಚೆ ಹೋಗಿದ್ರೆ?"

ಬಸವರಾಜಪ್ಪನ ಈ ಪ್ರಶ್ನೆಯನ್ನು ತನುಜಾ ದನಿ ತಗ್ಗಿಸಿ ಮರಿಸೋಲ್‌ಗೆ ದಾಟಿಸಿದಳು. ಮರಿಸೋಲ್ ಅವನನ್ನೇ ನೋಡುತ್ತಾ ಉತ್ತರ ಕೊಟ್ಟಳು. "ಅವರಿಗೂ ಇಡ್ತಾರಂತೆ ಬಸವರಾಜಣ್ಣ. ಚಿಕ್ಕ ಬನ್ನು ಮಾಡಿ," ಎಂದಳು ತನುಜಾ.

ಕೌಂಟರಿನಲ್ಲಿ ಹಾಲೇಶ್ ನಗು ನಿಲ್ಲಿಸಿದ್ದ.

ರುದ್ರಾಣಿ ಹೆತ್ತದ್ದು ಒಂದೇ ಸಲ. ಹೆಣ್ಣುಮಗು. ಹನ್ನೊಂದು ದಿನ ಬದುಕಿತ್ತು. ಹೆಸರಿಟ್ಟು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಎರಡು ದಿನ ಬಾಕಿಯಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ಬಸವರಾಜಪ್ಪ ಎದೆಗೊತ್ತಿಕೊಂಡು ನಡೆದಿದ್ದ. ಹಿಂದೆ ಹಾರೆ, ಗುದ್ದಲಿ ಹೊತ್ತು ನಡೆದವನು ಇಪ್ಪತ್ತಮೂರರ ಹಾಲೇಶ್. ಆ ವರ್ಷ ಹಿರಿಯರ ಹಬ್ಬದಲ್ಲಿ ಎಡೆ ಬಡಿಸುವಾಗ ರುದ್ರಾಣಿ ಒಂದು ಎಲೆ ಹೆಚ್ಚು ತಂದಿದ್ದಳು. ಅತ್ತೆ ಅದನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡು, "ಹಿರಿಯರ ಹಬ್ಬ ಕಣೇ ಇದು. ಹಸುಗೂಸಿಗೆ ಯಾರಾದ್ರೂ ಎಡೆ ಇಡ್ತಾರಾ?" ಎಂದಿದ್ದರು. ಗದರಿದ್ದಲ್ಲ, ಇದ್ದ ಪದ್ಧತಿ ಹೇಳಿದ್ದು. ಆಮೇಲೆ ಆ ಮನೆಯಲ್ಲಿ ಮಗುವಿನ ಮಾತು ಯಾರೂ ಎತ್ತಲಿಲ್ಲ.

ಮರುದಿನ, ಒಂದನೇ ತಾರೀಕು, ಬಸವರಾಜಪ್ಪ ಎರಡು ಬನ್ನು ಮಾಡಿದ. ಮರಿಸೋಲ್‌ಗೆ ಒಂದು ದೊಡ್ಡದು. ಇನ್ನೊಂದು ಮುಷ್ಟಿಯಷ್ಟು. ಅದನ್ನು ಭಟ್ಟಿಯ ಪಕ್ಕದ ಹಲಗೆಯ ಮೇಲೆ ಎಲೆಯಲ್ಲಿಟ್ಟು, ಒಂದು ಲೋಟ ನೀರು, ಚಿಟಿಕೆ ಉಪ್ಪು, ಹಬ್ಬಕ್ಕೆ ತಂದು ಉಳಿದ ಚೆಂಡು ಹೂವು ಇಟ್ಟ. ಸಂಜೆ ಹಿಂಬಾಗಿಲಿನಿಂದ ರುದ್ರಾಣಿ ಬಂದಳು. ಇಬ್ಬರೂ ಮೈದಾ ಮೂಟೆಗಳ ಮೇಲೆ ಕೂತು ಬನ್ನು ಮುರಿದು ತಿಂದರು. ಕೌಂಟರಿನ ಹಿಂದಿನ ಗೋಡೆಯ ಕಿಂಡಿಯಿಂದ ಹಾಲೇಶ್ ನೋಡಿದ. ರುದ್ರಾಣಿ ಏನೋ ಹೇಳುತ್ತಿದ್ದಳು. ಕೈಯಳತೆಯಲ್ಲಿ ಏನನ್ನೋ ತೋರಿಸುತ್ತಿದ್ದಳು, ಇಷ್ಟುದ್ದ, ಇಷ್ಟು ಎಂದು. ಬಸವರಾಜಪ್ಪ ಅಲ್ಲ, ಇಷ್ಟು ಎಂದು ತಿದ್ದಿದ. ಇಬ್ಬರೂ ನಕ್ಕರು.

ಮುಂದಿನ ವರ್ಷವೂ ಅದೇ ತಾರೀಕಿಗೆ ಮಾಡಿದ.

*

"ಹಾಲೇಶ, ಒಂಚೂರು ಇಲ್ಲಿ ಬಾ."

ಹಿತ್ತಲಿನ ನೀರಿನ ತೊಟ್ಟಿಯ ಹತ್ತಿರ ರುದ್ರಾಣಿ ನಿಂತಿದ್ದಳು. ಒಳಗೆ ಹೆಂಗಸರು ಭಜನೆ ಶುರುಮಾಡಿದ್ದರು. ಇನ್ನೊಂದು ಗಂಟೆಯಲ್ಲಿ ಹೊರಡಬೇಕು. ದೇಹವನ್ನು ಕೂರಿಸಿ ಹೊರುವ ಹೂವಿನ ವಿಮಾನ ಕಟ್ಟುವವರು ಬಾಳೆಕಂದು ಕಡಿಯುವ ಸದ್ದು ಕೇಳುತ್ತಿತ್ತು.

"ಏನ್ ಬೇಕಿತ್ತು ಅತ್ತಿಗೆ? ವಿಭೂತಿ ಗಟ್ಟಿ ಬಂದಿದೆ, ಬಿಲ್ವಪತ್ರೆ ಉಮೇಶ ತಂದ..."

"ಅದಲ್ಲ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಬಂದವರೆಲ್ಲ ಒಂದೇ ಮಾತು ಹೇಳ್ತಿದಾರೆ. ಪಾಪ, ತಲೆ ಸರಿ ಇರ್ಲಿಲ್ಲ, ಅಂತ. ನಂಗೂ ಸಮಾಧಾನ ಹೇಳ್ತಾರೆ, ಹೋಗಿದ್ದೇ ಒಳ್ಳೇದಾಯ್ತು ಬಿಡಿ, ಅಂತ."

ಹಾಲೇಶ್ ತೊಟ್ಟಿಯ ನೀರನ್ನೇ ನೋಡಿದ.

"ಒಂದು ವರ್ಷದಿಂದ ನಿಮ್ಮಣ್ಣ ಪೇಪರು ತರೋಕೆ ಹೋದ್ರೂ ಜನ ಹಿಂಗೆ ತಲೆ ವಾಲಿಸ್ಕೊಂಡು, ಮಗೂ ಮಾತಾಡಿಸ್ದಂಗೆ ಮಾತಾಡಿಸೋರು. ಒಂದ್ ದಿನ ಯಾರೋ ಕೈ ಹಿಡ್ಕೊಂಡು ರಸ್ತೆ ದಾಟಿಸಿ ಮನೆ ಬಾಗಿಲಿಗೆ ಬಿಟ್ಟು ಹೋದ್ರು. ಇವ್ರು ಒಳಗೆ ಬಂದು ಅರ್ಧ ಗಂಟೆ ಚಪ್ಪಲಿ ಬಿಚ್ಚದೇ ನಿಂತಿದ್ರು. ನಾನೆಂದೂ ನಿನ್ನ ಹತ್ರ ಬಂದು ಕೇಳಿಲ್ಲ. ಅವ್ರು ಬೇಡ ಅಂದಿದ್ರು, ಕೇಳಿಲ್ಲ."

"ಅತ್ತಿಗೆ..."

"ಈಗ ಕೇಳ್ತೀನಿ. ಮಣ್ಣಿಗೆ ಹೋಗೋಕೆ ಮುಂಚೆ ಎಲ್ಲರ ಎದುರಿಗೆ ಒಂದು ಮಾತು ಹೇಳು. ಇವ್ರ ಬುದ್ಧಿ ಸರಿಯಾಗಿತ್ತು ಅಂತ. ಅಷ್ಟೇ. ಮಿಕ್ಕಿದ್ದು ಏನೂ ಹೇಳ್ಬೇಡ. ನಿನ್ನ ಮರ್ಯಾದೆ ತೆಗೆಯೋಕೆ ನಾನು ಕೇಳ್ತಿಲ್ಲ."

"ಹೇಳ್ತೀನಿ," ಎಂದ ಹಾಲೇಶ್. ಹೇಳುವಾಗ ನಿಜವಾಗಿಯೂ ಹೇಳುತ್ತೇನೆಂದೇ ಅಂದುಕೊಂಡ.

*

ಮೂರನೆಯ ವರ್ಷ ನವೆಂಬರ್ ಒಂದನೇ ತಾರೀಕು ದೀಪಾವಳಿಯ ನಡುವೆ ಬಿದ್ದಿತ್ತು. ರಾಜ್ಯೋತ್ಸವದ ರಜೆಯೂ ಸೇರಿ ಗಿರಿಗೆ ಹೋಗುವ ಕಾರುಗಳು ಪೇಟೆಯ ತುಂಬ ಸಾಲುಗಟ್ಟಿದ್ದವು. ಮಧ್ಯಾಹ್ನ ಬಸವರಾಜಪ್ಪ ಊಟಕ್ಕೆ ಮನೆಗೆ ಹೋಗಿದ್ದ. ಆಗ ಪ್ರವಾಸಕ್ಕೆ ಬಂದ ಗಂಡ ಹೆಂಡತಿ ಇಬ್ಬರು ಒಳಗೆ ಬಂದರು. ಹೆಂಡತಿಯ ಕೈಯಲ್ಲಿದ್ದ ಫೋನು ವೀಡಿಯೊ ತೆಗೆಯುತ್ತಲೇ ಇತ್ತು. ಅವಳು ಕಿಂಡಿಯಿಂದ ಹಲಗೆಯ ಮೇಲಿದ್ದ ಸಣ್ಣ ಬನ್ನು ಕಂಡು ಕೂಗಿಯೇಬಿಟ್ಟಳು. ಇದು ಮೆಕ್ಸಿಕೊದ್ದಲ್ಲವಾ, ಇಲ್ಲಿ ಯಾರು ಮಾಡುತ್ತಾರೆ, ಈ ಊರಿನಲ್ಲಿ ಇದನ್ನು ಮಾಡಬಲ್ಲವರು ಇದ್ದಾರೆ ಎಂದರೆ ನಂಬಲಾಗುವುದಿಲ್ಲ ಎಂದಳು.

"ಅದು ಮಾರೋದಕ್ಕಲ್ಲ ಮೇಡಂ," ಎಂದ ಹಾಲೇಶ್ ಮೊದಲು.

ಆದರೆ ಅವಳು ಹೊಗಳಿದಳು. ಅಂಗಡಿಯನ್ನು ಹೊಗಳಿದಳು, ಅವನನ್ನು ಹೊಗಳಿದಳು. ನಲವತ್ತು ವರ್ಷ ಬನ್ನು ಕಟ್ಟಿಕೊಟ್ಟವನನ್ನು ಅಷ್ಟು ಬೆರಗಿನಿಂದ ಯಾರೂ ನೋಡಿರಲಿಲ್ಲ. ಗಿರಾಕಿಗಳೂ ನಿಂತು ನೋಡುತ್ತಿದ್ದರು. ಫೋನು ಅವನ ಮುಖದ ಕಡೆ ತಿರುಗಿತು. "ಇದು ನಮ್ಮ ಬೇಕರಿ ವಿಶೇಷ. ನಾನೇ ಕಲ್ತು ಮಾಡಿದ್ದು," ಎಂದ ಹಾಲೇಶ್. ಹೇಳಿದ ಮೇಲೆ ಕೈ ತಾನಾಗಿಯೇ ಕಿಂಡಿಯೊಳಗೆ ಹೋಯಿತು. ಎಲೆಯ ಮೇಲಿದ್ದ ಬನ್ನನ್ನು ತೆಗೆದು, ಮೇಲೆ ಅಂಟಿದ್ದ ಹೂವಿನ ಎಸಳನ್ನು ಊದಿ, ಪೇಪರ್ ಕವರಿಗೆ ಹಾಕಿ ಕೊಟ್ಟ. ದುಡ್ಡು ಕೊಡಲು ಬಂದರೆ ಬೇಡ ಎಂದ. ಆ ಹೆಂಗಸು ಅಲ್ಲೇ ಮೆಟ್ಟಿಲ ಮೇಲೆ ನಿಂತು ಒಂದು ಚೂರು ಕಚ್ಚಿ, ಕ್ಯಾಮೆರಾಕ್ಕೆ ಕಣ್ಣು ಮಿಟುಕಿಸಿ, ಉಳಿದದ್ದನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟು ಫೋಟೊ ತೆಗೆದಳು. ಕಾರು ಹೊರಟಾಗ ಅದು ಕೆಳಗೆ ಬಿತ್ತು. ಹಾಲೇಶ್ ನೋಡಿದ. ಹೋಗಿ ಎತ್ತಲಿಲ್ಲ.

ಬಸವರಾಜಪ್ಪ ಬಂದು ಹಲಗೆಯ ಮೇಲೆ ನೋಡಿದ, ಕೆಳಗೆ ನೋಡಿದ, ಮೂಟೆಗಳ ಸಂದಿಯಲ್ಲಿ ನೋಡಿದ. ಅರವತ್ತೈದರ ಮನುಷ್ಯ ನೆಲಕ್ಕೆ ಮಂಡಿಯೂರಿ ಭಟ್ಟಿಯ ಅಡಿಯಲ್ಲೂ ಹುಡುಕಿದ.

"ಇಲಿ ತಿಂದಿರ್ಬೇಕು ಬಿಡಣ್ಣ," ಎಂದ ಹಾಲೇಶ್ ಹೊರಗಿನಿಂದಲೇ.

ಬಸವರಾಜಪ್ಪ ಮಂಡಿಗೆ ಅಂಟಿದ ಹಿಟ್ಟು ಕೊಡವಿ ಎದ್ದ. ಆಮೇಲೆ, "ಹೂಂ, ಇರ್ಬೇಕು," ಎಂಬ ದನಿ ಬಂತು.

ಎರಡು ವಾರದಲ್ಲಿ ಆ ವೀಡಿಯೊ ಊರೆಲ್ಲ ಸುತ್ತಿತು. ಸತ್ತವರ ಬ್ರೆಡ್ಡು ಸಿಗುವ ಬೇಕರಿ ಎಂದು ಅಂಗಡಿಗೆ ಹೆಸರಾಯಿತು. ಒಂದು ಬೆಳಿಗ್ಗೆ, ಅಂಗಡಿ ತುಂಬ ಗಿರಾಕಿಗಳಿದ್ದಾಗ, ಚನ್ನಕೇಶವ ಬಂದು ಕೌಂಟರಿಗೆ ಮೊಣಕೈಯೂರಿ ನಿಂತ. ಅವನ ಮಗಳು ಕೃತಿಕಾಳ ನಿಶ್ಚಿತಾರ್ಥಕ್ಕೆ ಕೇಕು, ಖಾರ, ಬಿಸ್ಕತ್ತು ಎಲ್ಲ ಇಲ್ಲಿಂದಲೇ ಹೋಗಬೇಕಿತ್ತು.

"ಬೇಜಾರು ಮಾಡ್ಕೋಬೇಡ ಹಾಲೇಶ. ಸತ್ತೋರಿಗೆ ಎಡೆ ಬೇಯಿಸೋ ಭಟ್ಟೀಲಿ ಮಾಡಿದ್ದು ನಮ್ ಹುಡುಗೀ ಶುಭ ಕಾರ್ಯಕ್ಕೆ ಬೇಡ. ಮನೇಲಿ ಹೆಂಗಸ್ರು ಒಪ್ತಿಲ್ಲ."

ನಾಲ್ಕೈದು ಜನ ಕೈಯಲ್ಲಿದ್ದ ಬನ್ನಿನ ಕವರನ್ನು ಮತ್ತೆ ಕೌಂಟರಿನ ಮೇಲಿಟ್ಟರು. ಹಾಲೇಶ್ ಆ ಕವರುಗಳನ್ನು ನೋಡಿದ. "ಅಯ್ಯೋ, ಅದು ನಂದಲ್ಲ ಚನ್ನಕೇಶವಣ್ಣ! ಅಣ್ಣಾ, ಬಾ ಇಲ್ಲಿ!"

ಬಸವರಾಜಪ್ಪ ಮೈದಾದ ಕೈಯಲ್ಲೇ ಹೊರಗೆ ಬಂದು ನಿಂತ.

"ಇವನ ಕೆಲ್ಸ," ಎಂದ ಹಾಲೇಶ್. ಮಾತು ಒಂದರ ಹಿಂದೊಂದು ತಾನಾಗಿಯೇ ಹೊರಬಂತು. "ಯಾರಿಗೂ ಹೇಳಿರ್ಲಿಲ್ಲ ನಾನು. ಇತ್ತೀಚೆಗೆ ತಲೆ ಸರಿ ಇಲ್ಲ ಇವನಿಗೆ. ಏನು ಮಾಡ್ತಾನೆ, ಯಾರಿಗೆ ಇಡ್ತಾನೆ ಒಂದೂ ಗೊತ್ತಾಗಲ್ಲ. ಮನೇವ್ರು ಅಂತ ಮುಚ್ಚಿಟ್ಟಿದ್ವಿ. ಇವತ್ತಿಂದ ಭಟ್ಟಿ ಉಮೇಶ ನೋಡ್ಕೋತಾನೆ."

ಚನ್ನಕೇಶವನ ಮುಖ ಮೆತ್ತಗಾಯಿತು. "ಹೌದೇನ್ರಿ ಬಸವರಾಜಪ್ಪ?" ಎಂದು ಕನಿಕರದಿಂದ ಕೇಳಿದ.

ಬಸವರಾಜಪ್ಪ ತಮ್ಮನ ಕಡೆ ನೋಡಿದ. ಯಾರಿಗೆ ಇಡುತ್ತಿದ್ದನೆಂದು ಹೇಳಲು ಅವನಿಗೆ ಒಂದು ಮಾತು ಸಾಕಿತ್ತು. "ಹೌದು ಅಂತಾನಲ್ಲ ನಮ್ ಹಾಲೇಶ," ಎಂದ. ಒಳಗೆ ಹೋಗಿ ಮೊಣಕೈವರೆಗೂ ಕೈ ತೊಳೆದ. ಸೊಂಟಕ್ಕೆ ಕಟ್ಟಿದ್ದ ಚೌಕವನ್ನು ಬಿಚ್ಚಿ, ಕೊಡವಿ, ಮಡಿಸಿ, ಉಮೇಶನ ಕೈಗೆ ಕೊಟ್ಟು ಹಿಂಬಾಗಿಲಿನಿಂದ ಹೊರಟುಹೋದ. ನಿಶ್ಚಿತಾರ್ಥದ ಕೇಕು ಇಲ್ಲಿಂದಲೇ ಹೋಯಿತು.

*

ಹೊರಡುವ ಮುಂಚೆ ವಿಶ್ವನಾಥ್ ಎದ್ದು ನಿಂತು, ಎಲ್ಲರೂ ಒಂದು ನಿಮಿಷ ಮೌನ ಆಚರಿಸೋಣ ಎಂದ. ಆಮೇಲೆ, "ಹಾಲೇಶ್, ಮನೆಯವರ ಪರವಾಗಿ ಎರಡು ಮಾತು," ಎಂದ.

ಹಾಲೇಶ್ ಎದ್ದ. ಮೊಳೆಗೆ ಕಟ್ಟಿದ ಪಟ್ಟಿಯ ಆಧಾರದಲ್ಲಿ ಅಣ್ಣ ನೇರವಾಗಿ ಕೂತಿದ್ದ. ಅಂಗಳದಲ್ಲಿ ನೂರು ಮುಖಗಳು, ಎಲ್ಲದರಲ್ಲೂ ತನ್ನ ಬಗ್ಗೆ ಗೌರವ. "ನಮ್ಮಣ್ಣ... ಒಳ್ಳೇ ಮನುಷ್ಯ," ಎಂದ. "ಕೆಲಸ ಬಿಟ್ರೆ ಬೇರೆ ಗೊತ್ತಿರ್ಲಿಲ್ಲ." ರುದ್ರಾಣಿಯ ಕಡೆ ನೋಡದೆ ಮುಂದುವರಿಸಿದ. "ಕುಯ್ಲಿನ ಕೆಲ್ಸ ಬಿಟ್ಟು ಎಲ್ಲರೂ ಬಂದಿದ್ದೀರಿ. ತುಂಬಾ ಉಪಕಾರ ಆಯ್ತು." ಕೈ ಮುಗಿದು ಕೂತ.

ರುದ್ರಾಣಿ ತಲೆ ತಗ್ಗಿಸಿದಳು. ಆಮೇಲೆ ಅವಳು ಅವನ ಕಡೆ ನೋಡಲೇ ಇಲ್ಲ. ಬೆಳಗಿನಿಂದ ಆ ನೋಟದಿಂದ ತಪ್ಪಿಸಿಕೊಂಡಿದ್ದ ಹಾಲೇಶನಿಗೆ ಈಗ ಅದು ಇಲ್ಲದ್ದು ಹೆಚ್ಚು ಸುಟ್ಟಿತು.

ಮೆರವಣಿಗೆ ಸಂತೆ ಬೀದಿ ದಾಟುವಾಗ ಅತ್ತಿಗುಂಡಿಯಿಂದ ತನುಜಾ ಬಂದು ಸೇರಿಕೊಂಡಳು. ಹಾಲೇಶನ ಜೊತೆಗೇ ಹೆಜ್ಜೆ ಹಾಕುತ್ತಾ ಹೇಳಿದಳು: "ತಲೆ ಸರಿ ಇರ್ಲಿಲ್ಲ ಅಂತ ಜನ ಮಾತಾಡ್ತಿದಾರೆ. ನಂಗೆ ಆಶ್ಚರ್ಯ ಆಯ್ತು. ಅಕ್ಟೋಬರಲ್ಲಿ ಒಬ್ಬರೇ ಬಸ್ ಹತ್ತಿ ನಮ್ಮನೆಗೆ ಬಂದಿದ್ರಲ್ಲ."

"ಅಣ್ಣನಾ? ಎಂತಕ್ಕೆ?"

"ಮರಿಸೋಲ್‌ಗೆ ಒಂದು ಮಾತು ಕೇಳಿ ಹೇಳಿ ಅಂತ. ಈ ವರ್ಷ ನಂಗೆ ಭಟ್ಟಿ ಇಲ್ಲ, ಅವರು ಅವರೂರಲ್ಲೇ ಒಂದು ಚಿಕ್ಕದು ಮಾಡಿ ಇಡ್ತಾರಾ, ಅಂದ್ರು. ಭಟ್ಟಿ ಯಾಕಿಲ್ಲ ಅಂದ್ರೆ, ವಯಸ್ಸಾಯ್ತಲ್ಲ, ನಾನೇ ಬಿಟ್ಟೆ ಅಂದ್ರು. ಅವಳು ಇಟ್ಟಿದಾಳೆ. ಫೋಟೊ ಬಂದಿತ್ತು, ನಾನು ತೋಟದ ಗಡಿಬಿಡೀಲಿ ತೋರಿಸೋಕೆ ಬರ್ಲೇ ಇಲ್ಲ. ಆಮೇಲೆ ರುದ್ರಾಣಿ ಅಕ್ಕನಿಗೆ ತೋರಿಸ್ತೀನಿ."

ವಿಮಾನದ ಹಿಂದೆ ಅವನ ಕಾಲುಗಳು ಮಾತ್ರ ನಡೆದವು.

ರುದ್ರಭೂಮಿಯಲ್ಲಿ ಗುಂಡಿ ತೋಡಿ, ಒಳಗೋಡೆಯಲ್ಲಿ ಗೂಡು ಕೊರೆದಿದ್ದರು. ಬಸವರಾಜಪ್ಪನನ್ನು ಅದರಲ್ಲಿ ಪದ್ಮಾಸನ ಹಾಕಿ ಕೂರಿಸಿದರು. ಅಯ್ಯನವರು ಮಂತ್ರ ಹೇಳಿ, ಲಿಂಗವಿದ್ದ ಅಂಗೈಯ ಮೇಲೆ ಬಿಲ್ವಪತ್ರೆಯಿಟ್ಟು, ಮೇಲೆ ಬಂದರು. "ಮಕ್ಕಳಿಲ್ಲ ಅಂದ್ರಲ್ಲ. ತಮ್ಮನೋರೇ ಮೊದ್ಲು ಮಣ್ಣು ಹಾಕಿ."

ಹಾಲೇಶ್ ಬಗ್ಗಿ ಎರಡೂ ಕೈಯಲ್ಲಿ ಮಣ್ಣು ತುಂಬಿಕೊಂಡ. ಹಾಕಲಾಗಲಿಲ್ಲ.

"ಅಯ್ನೋರೆ, ಒಂದು ನಿಮಿಷ," ಎಂದ. "ನಮ್ಮಣ್ಣನ ತಲೆ ಸರಿ ಇತ್ತು."

ಜನ ಅವನ ಕಡೆ ತಿರುಗಿದರು.

"ನಿನ್ನೆ ರಾತ್ರಿ ತನಕ ಸರಿ ಇತ್ತು. ಒಂದು ದಿನಾನೂ ಕೆಟ್ಟಿರ್ಲಿಲ್ಲ. ನಾನು ಸುಳ್ಳು ಹೇಳ್ದೆ."

"ಬಿಡು ಮಾರಾಯ," ಎಂದು ಚನ್ನಕೇಶವ ಹತ್ತಿರ ಬಂದು ತೋಳು ಹಿಡಿದ. ಉಳಿದವರಿಗೆ ಮೆಲ್ಲಗೆ, "ದುಃಖ ತಡ್ಕೊಳೋಕಾಗ್ತಿಲ್ಲ. ಏನೇನೋ ಮಾತಾಡ್ತಿದಾನೆ. ನೀರು ಕೊಡಿ ಯಾರಾದ್ರೂ," ಎಂದ. ನಿಧಾನವಾಗಿ, ಸ್ವಲ್ಪ ಜೋರಾಗಿ, ಮಗುವಿಗೆ ಹೇಳುವ ಹಾಗೆ, "ಕೂತ್ಕೋ ಹಾಲೇಶ, ಸುಧಾರಿಸ್ಕೋ," ಎಂದ.

ಅಣ್ಣ ಹದಿನಾಲ್ಕು ತಿಂಗಳು ಕೇಳಿಸಿಕೊಂಡ ದನಿ ಎಂಥದ್ದೆಂದು ಹಾಲೇಶನಿಗೆ ಗೊತ್ತಾಯಿತು.

"ನನ್ನ ತಲೆಯೂ ಸರಿ ಇದೆ ಚನ್ನಕೇಶವಣ್ಣ. ನಿಮ್ಮೆದುರಿಗೇ ಹೇಳಿದ್ದು ನಾನು. ಅವನ ಕೈಯಲ್ಲಿ ಮೈದಾ ಇತ್ತು. ನೀವು ಹೌದೇನ್ರಿ ಅಂತ ಕೇಳಿದ್ರಿ. ನೆನಪಿದ್ಯಾ?"

ಚನ್ನಕೇಶವ ತೋಳು ಬಿಟ್ಟ.

"ಆ ಬನ್ನು ಅವನು ಮಾಡ್ತಿದ್ದದ್ದು ಅವನ ಮಗುವಿಗೆ. ಹನ್ನೊಂದು ದಿನದ ಮಗು. ನಾನೇ ಗುದ್ದಲಿ ಹೊತ್ಕೊಂಡು ಬಂದಿದ್ದೆ ಇದೇ ಜಾಗಕ್ಕೆ. ಗೊತ್ತಿದ್ದೂ ಎತ್ತಿ ಕೊಟ್ಟೆ, ಯಾರೋ ಹೊಗಳಿದ್ರು ಅಂತ. ಕೊಟ್ಟು, ಇಲಿ ತಿಂತು ಅಂದೆ. ವ್ಯಾಪಾರ ಕೆಡುತ್ತೆ ಅಂತ ಆದ್ಮೇಲೆ ಅವನಿಗೇ ಹುಚ್ಚು ಅಂದೆ. ನೀವು ಬೆಳಗಿಂದ ನನ್ನ ಹೊಗಳ್ತಿದೀರಿ."

ವಿಶ್ವನಾಥ್ ತನ್ನ ಚಪ್ಪಲಿಯ ತುದಿ ನೋಡುತ್ತಿದ್ದ. ಉಮೇಶ್ ಅಂದು ಮೊದಲ ಸಲ ಹಾಲೇಶನ ಮುಖ ನೋಡಿದ.

ಹೆಂಗಸರ ಗುಂಪಿನಿಂದ ರುದ್ರಾಣಿ ಮುಂದೆ ಬಂದಳು. "ಇಲಿ ತಿಂದಿಲ್ಲ ಅಂತ ಅವ್ರಿಗೆ ಅವತ್ತೇ ಗೊತ್ತಿತ್ತು," ಎಂದಳು. ದನಿಯಲ್ಲಿ ಏರಿಳಿತವಿರಲಿಲ್ಲ. "ಮನೆಗೆ ಬಂದು ಹೇಳಿದ್ರು. ನಲವತ್ತು ವರ್ಷದಲ್ಲಿ ನನ್ನ ಭಟ್ಟಿ ಕೋಣೇಲಿ ಒಂದು ಇಲಿ ಓಡಾಡಿಲ್ಲ ರುದ್ರಾಣಿ, ಹಾಲೇಶಂಗೆ ಅದೂ ಗೊತ್ತಿಲ್ವಲ್ಲ, ಅಂದ್ರು. ಆಮೇಲೆ, ಮಗೂನೇ ಬಂದು ತಿಂತು ಅಂದ್ಕೊಳೋಣ ಬಿಡು, ಅಂದ್ರು."

ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ತಾನೇ ಮೊದಲು ಗುಂಡಿಗೆ ಹಾಕಿದಳು. ಅಯ್ಯನವರು ಬೇಡ ಎನ್ನಲಿಲ್ಲ. ಅವಳ ನಂತರ ಹಾಲೇಶ್ ಹಾಕಿದ.

*

ಗುಂಡಿ ಮುಚ್ಚಿದ ಮೇಲೆ ಜನ ಬೇಗ ಚದುರಿದರು. ಹೋಗುವಾಗ ರುದ್ರಾಣಿಗೆ ಕೈ ಮುಗಿದರು. ಹಾಲೇಶನ ಹತ್ತಿರ ಯಾರೂ ಬರಲಿಲ್ಲ. ಚನ್ನಕೇಶವ ಒಂದು ಹೆಜ್ಜೆ ಈ ಕಡೆ ಇಟ್ಟವನು, ಜೀಪಿನ ಕೀಲಿ ಕೈ ಬದಲಾಯಿಸಿಕೊಂಡು ಆ ಕಡೆ ನಡೆದ.

ತನುಜಾ ರುದ್ರಾಣಿಯ ಪಕ್ಕ ನಿಂತು ಫೋನಿನಲ್ಲಿ ಏನನ್ನೋ ಹುಡುಕಿ ತೋರಿಸಿದಳು. "ಬಸವರಾಜಣ್ಣ ಒಂದು ಚೀಟಿ ಬರೆದುಕೊಟ್ಟಿದ್ರು. ಅದನ್ನ ಹಾಗೇ ಫೋಟೊ ತೆಗೆದು ಕಳಿಸಿದ್ದೆ. ಯಾರು ಅಂತ ನಾನು ಕೇಳ್ಲಿಲ್ಲ."

ರುದ್ರಾಣಿ ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತದೆಯೇ, "ಹಾಲೇಶ, ಬಾ. ನೀನೂ ನೋಡು," ಎಂದಳು.

ಅವನ ಎರಡೂ ಕೈ ಮಣ್ಣಾಗಿದ್ದವು. ಫೋನು ತೆಗೆದುಕೊಳ್ಳಲು ಚಾಚಿದವನು ಹಿಂದಕ್ಕೆಳೆದು ಬೆನ್ನ ಹಿಂದೆ ಕಟ್ಟಿಕೊಂಡ. ಅವಳು ಹಿಡಿದಿದ್ದ ಎತ್ತರಕ್ಕೆ ಬಗ್ಗಿದ.

ಯಾವುದೋ ಮನೆಯ ನಡುಮನೆ. ಮೆಟ್ಟಿಲು ಮೆಟ್ಟಿಲಾಗಿ ಹಾಸಿದ ಬಟ್ಟೆಯ ಮೇಲೆ ಮೇಣದ ಬತ್ತಿಗಳು, ಫೋಟೊಗಳು: ಟೋಪಿ ಹಾಕಿದ ಒಬ್ಬ ಮುದುಕ, ಎರಡು ಜಡೆಯ ಒಬ್ಬಳು ಅಜ್ಜಿ, ಕುದುರೆಯ ಜೊತೆ ನಿಂತ ಯಾರೋ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಫೋಟೊ ಇರಲಿಲ್ಲ. ನೀರಿನ ಲೋಟಕ್ಕೆ ಒರಗಿಸಿದ ಒಂದು ಬಿಳಿಯ ಕಾಗದ, ಅದರ ಮುಂದೆ ಮುಷ್ಟಿಯಷ್ಟು ಒಂದು ಬನ್ನು. ಕಾಗದದ ಮೇಲೆ ಅಕ್ಷರ ತಿಳಿಯದ ಕೈ ನೋಡಿ ನೋಡಿ ಬರೆದ, ಚಿತ್ರ ಬಿಡಿಸಿದ ಹಾಗಿದ್ದ ಕನ್ನಡ. ಕೊನೆಯ ಅಕ್ಷರದ ಸುಳಿ ತಪ್ಪಿ ಆಚೆ ಹೋಗಿತ್ತು. ಆದರೂ ಓದಲು ಬರುತ್ತಿತ್ತು: ರೂಪಶ್ರೀ.

"ಹೆಸರಿಟ್ಟಿದ್ರಾ?" ಎಂದ ಹಾಲೇಶ್.

"ಅತ್ತಿಗುಂಡಿ ಬಸ್ಸಿಗೆ ಹೋಗೋ ಹಿಂದಿನ ದಿನ," ಎಂದಳು ರುದ್ರಾಣಿ. "ಅಷ್ಟು ದೂರದಲ್ಲಿ ಇಡೋದು. ಹೆಸರಿಲ್ದೆ ಹೇಗೆ ಗೊತ್ತಾಗುತ್ತೆ ಅದಕ್ಕೆ, ಅಂದ್ರು."

ತನುಜಾ ಪರದೆಯ ಮೇಲೆ ಬೆರಳಾಡಿಸಿ ಚಿತ್ರವನ್ನು ಕೆಳಕ್ಕೆ ಸರಿಸಿದಳು. ಮನೆಯ ಹೊಸ್ತಿಲಿನಿಂದ ಒಳಗಿನವರೆಗೆ ಹೂವಿನ ಎಸಳನ್ನು ಒತ್ತಾಗಿ ಚೆಲ್ಲಿ ಅಗಲವಾದ ಒಂದು ದಾರಿ ಮಾಡಿದ್ದರು. ಅದು ನೇರವಾಗಿ ಮುದುಕನ, ಅಜ್ಜಿಯ ಫೋಟೊಗಳ ಕಡೆಗೆ ಹೋಗಿತ್ತು. ಕೊನೆಯಲ್ಲಿ ಅದರಿಂದ ಒಂದು ಕವಲು ಒಡೆದಿತ್ತು. ಬಹಳ ಕಿರಿದು, ಅಂಗೈಯಷ್ಟೇ ಅಗಲ. ಅದು ಬಾಗಿ ಬಂದು ಆ ಕಾಗದದ ಮುಂದೆ ನಿಂತಿತ್ತು.